ಏಳೂರ ನಕಾಶೆಯ ತೂತು

ಏಳೂರಿನ ಜನ ದಾರಿಯಲ್ಲಿ ನಡೆಯುವುದನ್ನು ನೀವು ನೋಡಿಲ್ಲ. ನೋಡಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಿರಿ. ನಾಲ್ಕು ಹೆಜ್ಜೆ ನಡೆಯುತ್ತಾರೆ, ಒಂದು ಸಲ ಹಾರುತ್ತಾರೆ. ಮತ್ತೆ ನಾಲ್ಕು ಹೆಜ್ಜೆ, ಮತ್ತೆ ಒಂದು ಸಲ ಹಾರುತ್ತಾರೆ. ತಲೆಯ ಮೇಲೆ ಹುಲ್ಲಿನ ಹೊರೆ ಇರಲಿ, ಬಗಲಲ್ಲಿ ಕೂಸಿರಲಿ, ಹಿಂದೆ ಅತ್ತೆ ಗೊಣಗುತ್ತಾ ಬರುತ್ತಿರಲಿ, ಹಾರಲೇಬೇಕು. ಯಾಕೆ ಅಂತೀರಾ? ಅವರ ನಕಾಶೆಯಲ್ಲಿ ಕಾಲುದಾರಿಯನ್ನು ತುಂಡು ತುಂಡು ಗೆರೆಯಲ್ಲಿ ಬರೆದಿದೆ. ಗೆರೆ ಇದ್ದಲ್ಲಿ ದಾರಿ ಇದೆ, ನಡೆಯಬಹುದು. ಗೆರೆ ಬಿಟ್ಟಲ್ಲಿ ದಾರಿ ಇಲ್ಲ. ಇಲ್ಲದ ದಾರಿಯ ಮೇಲೆ ಕಾಲಿಡುವುದು ಹೇಗೆ? ಅದಕ್ಕೇ ಹಾರುತ್ತಾರೆ.

ನಕ್ಕು ಮುಗಿಯಿತೇ? ಹಾಗಾದರೆ ಮುಂದೆ ಕೇಳಿ.

ಒಂದು ಹೊಳೆ. ಹೊಳೆಯ ಎರಡು ಮಗ್ಗುಲಿಗೆ ಏಳು ಊರು. ಏಳೂರಿಗೂ ಸೇರಿ ಒಂದೇ ಒಂದು ಕಟ್ಟಳೆ. ನಕಾಶೆಯಲ್ಲಿ ಇದ್ದದ್ದು ಇದೆ, ನಕಾಶೆಯಲ್ಲಿ ಇಲ್ಲದ್ದು ಇಲ್ಲ. ಮುತ್ತಜ್ಜನ ಮುತ್ತಜ್ಜನ ಕಾಲಕ್ಕೆ ಒಬ್ಬ ಅಳತೆಯವನು ಬಂದಿದ್ದನಂತೆ. ಮೊಣಕಾಲ ತನಕ ಬೂಟು, ಹೆಗಲ ಮೇಲೆ ಕಬ್ಬಿಣದ ಸರಪಳಿ. ಸರಪಳಿ ಎಳೆದೆಳೆದು ಕಣಿವೆಯನ್ನೆಲ್ಲ ಅಳೆದ. ಮೂರು ಕಾಲಿನ ಮಣೆಯ ಮೇಲೆ ದುರ್ಬೀನು ಇಟ್ಟು, ಒಂದು ಕಣ್ಣು ಮುಚ್ಚಿ ಗುಡ್ಡ ನೋಡಿದ. ಹೊಳೆಗೆ ನೀಲಿ ಬಳಿದ, ದಾರಿಗೆ ಕಪ್ಪು, ಮನೆಗೊಂದು ಕೆಂಪು ಚುಕ್ಕಿ, ಏರು ಇದ್ದಲ್ಲೆಲ್ಲ ಸುತ್ತು ಸುತ್ತಾಗಿ ಕಂದು ಗೆರೆ. ಬರೆದ ಕಾಗದವನ್ನು ಬಟ್ಟೆಗೆ ಅಂಟಿಸಿ, ಉದ್ದಕ್ಕೊಂದು ಅಡ್ಡಕ್ಕೊಂದು ಮಡಿಕೆ ಮಡಚಿ, ಊರವರ ಕೈಯಲ್ಲಿ ಕೊಟ್ಟ. ‘ತಗೊಳ್ರಿ, ನಿಮ್ಮ ಸೀಮಿ’ ಅಂದವನೇ ಹೊರಟುಹೋದ. ಆಮೇಲೆ ಅವನನ್ನು ಯಾರೂ ನೋಡಲಿಲ್ಲ. ಸೀಮೆಯನ್ನೇ ಕೈಗೆ ಕೊಟ್ಟು ಹೋಗಿದ್ದಾನೆ ಅಂತ ಜನ ಅದನ್ನು ಕಣ್ಣಿಗೆ ಒತ್ತಿಕೊಂಡು ಪೆಟ್ಟಿಗೆಯಲ್ಲಿಟ್ಟರು.

ಅಲ್ಲಿಂದ ಮುಂದೆ ಹೊಸ ಮನೆ ಕಟ್ಟುವ ಹಾಗಿಲ್ಲ, ಚುಕ್ಕಿ ಇಲ್ಲ. ಹಳೆ ಮನೆ ಬೀಳಿಸುವ ಹಾಗಿಲ್ಲ, ಚುಕ್ಕಿ ಇದೆ. ಅಳತೆಯವನು ಬಂದ ದಿನ ಕೆರೆಯ ಹತ್ತಿರ ಒಂದು ಎಮ್ಮೆ ಮಲಗಿತ್ತಂತೆ, ಅವನು ಅದನ್ನು ಬಂಡೆ ಅಂತ ತಿಳಿದು ಗುರುತು ಹಾಕಿದ್ದ. ಅವತ್ತಿನಿಂದ ಆ ಜಾಗದಲ್ಲಿ ಪಾಳಿಯ ಪ್ರಕಾರ ಒಂದೊಂದು ಮನೆಯವರು ಒಂದೊಂದು ಎಮ್ಮೆ ತಂದು ಮಲಗಿಸುತ್ತಾರೆ. ಎಮ್ಮೆ ಎದ್ದರೆ ಬೈಯುತ್ತಾರೆ.

ವರ್ಷಕ್ಕೊಂದು ಸಲ, ಹೊಳೆಯ ಕೆನ್ನೀರು ತಿಳಿಯಾದ ಮೊದಲ ಸೋಮವಾರ, ನಕಾಶೆ ಬಿಚ್ಚುತ್ತಾರೆ. ನಡುವೂರಿನ ಚಾವಡಿಯ ಕಲ್ಲುಕಟ್ಟೆಯ ಮೇಲೆ ಬಿಚ್ಚುವುದು, ಯಾಕೆಂದರೆ ನಡುವೂರು ಏಳೂರಿಗೂ ನಡುವೆ ಇದೆ. ನಕಾಶೆ ಕಾಯುವ ಮುದುಕನಿಗೆ ನಕಾಶಿ ಅಜ್ಜ ಅಂತಲೇ ಹೆಸರು. ಅವನು ಸ್ನಾನ ಮಾಡಿ, ಒಣಗಿದ ಧೋತರ ಉಟ್ಟು, ಬಿದಿರು ಕಡ್ಡಿ ಹಿಡಿದು ಕೂತು, ಒಂದೊಂದರ ಮೇಲೂ ಕಡ್ಡಿ ಇಟ್ಟು ಕೂಗುತ್ತಾನೆ. ಜನ ಉತ್ತರ ಕೊಡುತ್ತಾರೆ.

‘ದಿಬ್ಬದೂರು!’

‘ಅದೀವ್ರಿ!’

‘ಹೊಳೆಯಂಚು!’

‘ಅದೀವ್ರಿ!’

‘ಗುಡ್ಡ!’

ಗುಡ್ಡಕ್ಕೆ ಬಾಯಿ ಇಲ್ಲವಲ್ಲ, ಕುರುಬ ಹೇಳುತ್ತಾನೆ. ‘ನಿಂತೈತ್ರಿ!’

‘ಹೊಳಿ!’

ಹೊಳೆಯ ಪರವಾಗಿ ಅಂಬಿಗ ಹೇಳುತ್ತಾನೆ. ‘ಹರಿಯಾಕತ್ತೈತ್ರಿ!’

ಹೀಗೆ ಎಲ್ಲ ಇದೆ ಅಂತ ಖಾತ್ರಿ ಮಾಡಿಕೊಂಡು, ಸೂರ್ಯ ನೆತ್ತಿಗೆ ಬರುವ ಮೊದಲು ನಕಾಶೆಯನ್ನು ಹಳೆಯ ಮಡಿಕೆಯ ಮೇಲೆಯೇ ಮಡಚಿ ಪೆಟ್ಟಿಗೆಗೆ ಹಾಕಬೇಕು. ಬಿಸಿಲು ನೇರ ಬಿದ್ದರೆ ನೀಲಿ ಬಣ್ಣ ಮಾಸುತ್ತದೆ. ನೀಲಿ ಮಾಸಿದರೆ ಹೊಳೆಯ ಗತಿ ಏನು?

ಈಗ ತೂತಿನ ವಿಷಯಕ್ಕೆ ಬರೋಣ. ಕಾಗದವನ್ನೋ ಬಟ್ಟೆಯನ್ನೋ ಉದ್ದಕ್ಕೂ ಅಡ್ಡಕ್ಕೂ ಮಡಚಿ ಇಟ್ಟವರಿಗೆ ಗೊತ್ತು, ಮೊದಲು ಸವೆಯುವುದು ಎರಡು ಮಡಿಕೆ ಕೂಡುವ ಜಾಗ. ನಕಾಶೆಯ ಮಡಿಕೆ ಕೂಡುವುದು ಸರಿಯಾಗಿ ನಡುವೂರಿನ ಮೇಲೆ. ಯಾವುದೋ ಒಂದು ವರ್ಷ ಬಿಚ್ಚಿ ನೋಡುತ್ತಾರೆ, ಸಾಸಿವೆ ಕಾಳಿನಷ್ಟು ತೂತು. ಆ ತೂತಿನಲ್ಲಿ ನಡುವೂರಿನ ಬಾವಿ ಹೋಯಿತು. ಮರುವರ್ಷ ಜೋಳದ ಕಾಳಿನಷ್ಟಾಯಿತು, ಒಂದು ಓಣಿ ಹೋಯಿತು. ವರ್ಷಕ್ಕೆ ಎರಡು ಮನೆ, ಮೂರು ಮನೆ. ಗೌಡರ ವಾಡೆ ಹೋದ ವರ್ಷ ಗೌಡರು ತಮ್ಮ ದನಗಾಹಿಯ ಮನೆಗೆ ಬಂದು ಸೇರಿದರು, ದನಗಾಹಿ ಸಿಟ್ಟು ಮಾಡಿಕೊಂಡು ಬೇರೆ ಊರಿಗೆ ಹೋದ. ಕೊನೆಗೆ ನಡುವೂರು ಅಂದರೆ ಚಾವಡಿ ಮತ್ತು ಮೂರು ಚುಕ್ಕಿ. ಗೌಡರದೊಂದು, ಸೂಲಗಿತ್ತಿಯದೊಂದು, ಕೌದಿಯವ್ವನದೊಂದು.

ನೆಲದಲ್ಲಿ ತೂತೇನೂ ಬಿದ್ದಿರಲಿಲ್ಲ, ತಪ್ಪು ತಿಳಿಯಬೇಡಿ. ಬಾವಿಯಲ್ಲಿ ನೀರು ಹಾಗೇ ಇತ್ತು. ಮನೆಗಳು ಬಾಗಿಲು ತೆರೆದುಕೊಂಡು ನಿಂತೇ ಇದ್ದವು. ಆದರೆ ಇದೆ ಅನ್ನುವ ಹಾಗಿರಲಿಲ್ಲ. ಇದೆ ಅನ್ನದೆ ಅನ್ನದೆ ಜನರಿಗೆ ಅವು ಕಾಣುವುದೇ ನಿಂತುಹೋಗಿತ್ತು.

ಒಬ್ಬ ಹಟಮಾರಿ ಮುದುಕ ಮಾತ್ರ, ಅವನ ಚುಕ್ಕಿ ಹೋದರೂ ಮನೆ ಬಿಡಲಿಲ್ಲ. ‘ನಾನ ಕಟ್ಟಿದ ಮನಿ, ಯಾಕ ಬಿಡ್ಲಿ?’ ಅಂತ ಜಗುಲಿಯ ಮೇಲೆ ಕೂತ. ಎದುರಿಗೆ ಹೋಗುವವರನ್ನು ಕರೆದ. ಯಾರೂ ತಿರುಗಲಿಲ್ಲ. ಬೈದ. ಯಾರಿಗೂ ಸಿಟ್ಟು ಬರಲಿಲ್ಲ. ಜ್ವರ ಬಂದು ನೀರು ನೀರು ಅಂತ ಮೂರು ದಿನ ಕೂಗಿದ. ‘ಇವತ್ತ ಗಾಳಿ ಭಾಳ’ ಅನ್ನುತ್ತಾ ಜನ ದಾಟಿ ಹೋದರು. ನಾಲ್ಕನೇ ದಿನ ತೆವಳಿಕೊಂಡು ಗೌಡರ ದನದ ಕೊಟ್ಟಿಗೆಗೆ ಬಂದು ಬಿದ್ದ. ಕೂಡಲೇ ಎಲ್ಲರೂ ಓಡಿಬಂದು, ‘ಯಜ್ಜಾ, ಎಲ್ಲಿ ಹೋಗಿದ್ದಿ ಇಷ್ಟ ದಿನ?’ ಅಂತ ನೀರು ಕುಡಿಸಿದರು. ಅವತ್ತಿನಿಂದ ಅವನು ಕೊಟ್ಟಿಗೆಯಲ್ಲೇ ಇದ್ದಾನೆ. ಯಾರ ಹತ್ತಿರವೂ ಹೆಚ್ಚು ಮಾತಾಡುವುದಿಲ್ಲ.

ಇದನ್ನೆಲ್ಲ ಕಣ್ಣಾರೆ ನೋಡಿದವಳು ಕೌದಿಯವ್ವ. ಹಳೆ ಸೀರೆ, ಹರಿದ ಅಂಗಿ, ಎಲ್ಲ ಜೋಡಿಸಿ ಏಳೂರಿಗೂ ಕೌದಿ ಹೊಲಿದುಕೊಡುವವಳು. ಆ ಕಣಿವೆಯಲ್ಲಿ ಅವಳ ಹೊಲಿಗೆಯ ಕೆಳಗೆ ಮಲಗದವರು ಯಾರೂ ಇಲ್ಲ. ಅವಳಿಗೆ ಒಬ್ಬಳೇ ಮಗಳು, ಮೂಡಣೂರಿಗೆ ಕೊಟ್ಟಿದ್ದಳು. ಬಸುರಿಗೆ ಮಾಡುವ ಕುಬಸ ಮುಗಿಸಿಕೊಂಡು ಹೆರಿಗೆಗೆ ತವರಿಗೆ ಬಂದ ಮಗಳಿಗೆ ಈಗ ದಿನ ತುಂಬಿತ್ತು.

ಹೋದ ವರ್ಷ ನಕಾಶೆ ಬಿಚ್ಚಿದಾಗ ತೂತಿನ ಅಂಚಿಗೂ ಕೌದಿಯವ್ವನ ಚುಕ್ಕಿಗೂ ಒಂದು ಕಾಳಿನಷ್ಟು ದೂರ ಇತ್ತು. ಈ ವರ್ಷ ಬಿಚ್ಚಿದರೆ, ಎರಡೇ ಎರಡು ಎಳೆ. ಎರಡು ಎಳೆ ನೂಲು ಹಿಡಿದುಕೊಂಡು ಮನೆ ನೇತಾಡುತ್ತಿತ್ತು. ಈಗ ಮಡಚಿದರೆ ಆ ಎಳೆ ಹರಿಯುತ್ತದೆ. ಹರಿದರೆ ಅವಳ ಮನೆ ಇಲ್ಲ. ಇಲ್ಲದ ಮನೆಯಲ್ಲಿ ಹುಟ್ಟುವ ಕೂಸು ಎಷ್ಟು ಅತ್ತರೂ ಯಾರಿಗೂ ಕೇಳುವುದಿಲ್ಲ. ಅವಳು ಆ ಮುದುಕ ಕೂಗಿದ್ದನ್ನು ಮರೆತಿರಲಿಲ್ಲ. ಅವಳೂ ಅವತ್ತು ಗಾಳಿ ಅಂದುಕೊಂಡೇ ದಾಟಿಹೋಗಿದ್ದಳು, ಅದೇ ಅವಳ ಎದೆಯಲ್ಲಿ ಕೂತಿತ್ತು.

‘ಅಜ್ಜಾರ, ಇವತ್ತೊಂದ ದಿನ ಮಡಚಬ್ಯಾಡ್ರಿ,’ ಅಂದಳು ಕೈಮುಗಿದು. ‘ಮಗಳಿಗೆ ಬೆಳಗಿನಿಂದ ಸೊಂಟ ನೋಯಾಕತ್ತೈತಿ.’

‘ಮಡಚದ ಇದ್ದರ ಬಿಸಲ ಬೀಳತೈತಲ್ಲವಾ,’ ಅಂದ ನಕಾಶಿ ಅಜ್ಜ. ಅವನು ಕೆಟ್ಟವನಲ್ಲ. ಅವನ ಕಣ್ಣಲ್ಲಿ ನೀರೇ ಬಂದಿತ್ತು. ‘ಮಗಳನ್ನ ಬ್ಯಾರೆ ಊರಿಗೆ ಕರಕೊಂಡ ಹೋಗು.’

‘ದಾರಿಯಾಗ ಹಾರಬೇಕಲ್ರಿ? ದಿನ ತುಂಬಿದಾಕಿ ಹ್ಯಾಂಗ ಹಾರಬೇಕು?’

‘ಹೊತಗೊಂಡ ಹೋದರ?’

‘ಹೊತ್ತವರೂ ಹಾರಬೇಕಲ್ರಿ! ಗೆರಿ ಇಲ್ಲದ ಕಡೆ ಹಾರುವಾಗ ಕೂಸು ಹುಟ್ಟಿಬಿಟ್ಟರ?’

ಇದು ದೊಡ್ಡ ಪ್ರಶ್ನೆ. ದಾರಿಯೂ ಅಲ್ಲದ, ಊರೂ ಅಲ್ಲದ, ಗೆರೆ ಮತ್ತು ಗೆರೆಯ ನಡುವೆ ಹುಟ್ಟಿದವರು ಇದುವರೆಗೆ ಯಾರೂ ಇರಲಿಲ್ಲ. ಊರಿಗೊಬ್ಬರಂತೆ ಬಂದಿದ್ದ ಏಳು ಮಂದಿ ಗೌಡರೂ ತಲೆ ಕೆರೆದುಕೊಂಡರು.

‘ಹಂಗಾದರ ಬ್ಯಾರೆ ಕಡೆ ಮಡಚ್ರಿ,’ ಅಂದಳು ಕೌದಿಯವ್ವ. ‘ಒಂದು ಬೊಟ್ಟು ಆಚೆ ಮಡಚಿದರ ಏನ ಗಂಟು ಹೋಗತೈತಿ?’

ಒಂದು ಬೊಟ್ಟು ಆಚೆ ಅಂದ ಕೂಡಲೇ ಎಲ್ಲ ಗೌಡರೂ ಎದ್ದು ನಿಂತರು. ಒಂದು ಬೊಟ್ಟು ಮೂಡಣಕ್ಕೆ ಸರಿದರೆ ಮಡಿಕೆ ಮೂಡಣೂರಿನ ಮೇಲೆ ಬರುತ್ತದೆ. ಮೂಡಣೂರಿನ ಗೌಡ, ‘ನಮ್ಮ ಮ್ಯಾಲ ಯಾಕ್ರಿ? ಪಡುವಣಕ್ಕ ಸರಸ್ರಿ,’ ಅಂದ. ಪಡುವಣದವನು, ‘ನಮ್ಮೂರ ಸಣ್ಣದ, ದಿಬ್ಬದೂರ ಗಟ್ಟಿ ಐತಿ, ಕಲ್ಲಿನ ಮ್ಯಾಲ ಐತಿ, ತಡಕೋತೈತಿ,’ ಅಂದ. ದಿಬ್ಬದೂರಿನ ಗೌಡ, ‘ಗಟ್ಟಿ ಇರೂದು ಊರು, ಕಾಗದ ಎಲ್ಲಾ ಕಡೆ ಒಂದ,’ ಅಂದ. ಮಾತು ಪಂಚೆ ಎತ್ತಿ ಕಟ್ಟುವ ತನಕ ಹೋಯಿತು. ಎಲ್ಲರಿಗೂ ಕೌದಿಯವ್ವನ ಮೇಲೆ ಬಹಳ ಕನಿಕರ ಇತ್ತು, ತಮ್ಮ ಊರೊಂದು ಬಿಟ್ಟು ಬೇರೆ ಯಾವ ಊರಿನ ಮೇಲಾದರೂ ಮಡಚಲು ಅವರು ಮನಃಪೂರ್ವಕ ಒಪ್ಪಿದ್ದರು.

ಸೂರ್ಯ ಚಾವಡಿಯ ಮಾಡು ದಾಟಿ ಬರುತ್ತಿದ್ದ. ಕೌದಿಯವ್ವ ಗದ್ದಲವನ್ನು ನೋಡಿದಳು, ತೂತನ್ನು ನೋಡಿದಳು, ತನ್ನ ಸೆರಗಿನ ಅಂಚಿಗೆ ಯಾವಾಗಲೂ ಚುಚ್ಚಿಕೊಂಡಿರುತ್ತಿದ್ದ ಸೂಜಿಯನ್ನು ಕಿತ್ತಳು.

‘ಸರೀರಿ ಎಲ್ಲಾರೂ. ನಾ ತ್ಯಾಪಿ ಹಚ್ಚತೀನಿ.’

ಎಲ್ಲರೂ ತಣ್ಣಗಾದರು. ಅಷ್ಟು ವರ್ಷದಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ. ಊರಿಗೆ ಯಾರಾದರೂ ತೇಪೆ ಹಚ್ಚುತ್ತಾರೆಯೇ? ನಕಾಶಿ ಅಜ್ಜ ಹಣೆಯ ಬೆವರು ಒರೆಸಿಕೊಂಡ. ‘ಬ್ಯಾಡ ಅಂತ ಎಲ್ಲೂ ಬರದಿಲ್ಲ,’ ಅಂದ. ‘ಆದರ ತ್ಯಾಪಿ ಬೋಳಾಗಿರಬೇಕು. ಹೂವು, ಬಳ್ಳಿ, ಚಿಕ್ಕಿ ಏನೂ ಇರಬಾರದು. ಇದ್ದರ ಅಲ್ಲಿ ಏನ ಹುಟ್ಟಿಕೋತೈತೋ ಯಾರಿಗ್ಗೊತ್ತು?’ ಹಾಗಂತ ತನ್ನ ಧೋತರದ ಅಂಚನ್ನೇ ಪರ್ ಅಂತ ಹರಿದು ಕೊಟ್ಟ.

ಅವಳು ನಕಾಶೆಯನ್ನು ತೊಡೆಯ ಮೇಲೆ ಹಾಕಿಕೊಂಡು, ತೂತಿನ ಕೆಳಗೆ ಬಿಳಿ ತುಂಡು ಇಟ್ಟು, ಸೂಜಿಗೆ ದಾರ ಪೋಣಿಸಿದಳು. ಆಗ ಗೌಡರಿಗೆ ಇನ್ನೊಂದು ಹೊಳೆಯಿತು. ಸೂಜಿ ಚುಚ್ಚಿದಲ್ಲೆಲ್ಲ ತೂತು ಬೀಳುತ್ತದಲ್ಲ!

‘ನಮ್ಮ ಹೊಲದಾಗ ಚುಚ್ಚಬ್ಯಾಡ, ತೆಗ್ಗ ಬೀಳತೈತಿ!’ ಅಂತ ಮೂಡಣೂರಿನವನು ಕೂಗಿದ.

ದಿಬ್ಬದೂರಿನ ಗೌಡ ಮಾತ್ರ ಹತ್ತಿರ ಸರಿದು ದನಿ ತಗ್ಗಿಸಿದ. ಅವರದು ಎತ್ತರದ ಊರು, ಹೆಂಗಸರು ಕೊಡ ಹೊತ್ತು ಎರಡು ಹರದಾರಿ ಇಳಿಯಬೇಕು. ‘ಅಕ್ಕಾ, ನಮ್ಮೂರ ಹನಮಪ್ಪನ ಗುಡಿ ಹಿಂದ ಒಂದ ಚುಚ್ಚು. ಆಳಕ್ಕ ಚುಚ್ಚು. ಬಾವಿ ಆಗಲಿ. ನಿನಗ ವರ್ಷಾ ಎರಡ ಶೇರು ತುಪ್ಪ ಕಳಸ್ತೀನಿ.’

‘ನನಗೂ ಒಂದ ಚುಚ್ಚವಾ!’ ಅಂದ ಪಡುವಣದವನು. ‘ನಮಗ ಎರಡು!’ ಅಂದ ಇನ್ನೊಬ್ಬ. ತೆಗ್ಗು ಬೇಡ ಅಂದ ಮೂಡಣೂರಿನವನೂ, ಬಾವಿ ಅನ್ನುವುದಾದರೆ ತನಗೂ ಇರಲಿ ಅಂದ. ಅಷ್ಟರಲ್ಲಿ ಹೊಳೆಯಂಚಿನ ಗೌಡ, ‘ದಾರಾನ ಹೊಳಿ ಮ್ಯಾಲ ಹಾಸಿ ಹೊಲಿ. ಸೇತುವಿ ಆಗತೈತಿ,’ ಅಂದದ್ದೇ ತಡ, ಅಂಬಿಗ ಓಡಿಬಂದು ಅವಳ ಕಾಲಿಗೆ ಬಿದ್ದ.

‘ಯವ್ವಾ, ನಿನ್ನ ಕಾಲ ಬೀಳತೀನಿ, ದಾರ ಹೊಳಿ ದಾಟಸಬ್ಯಾಡ! ನನ್ನ ದೋಣಿ ಯಾರು ಹತ್ತಬೇಕು?’

ಅವಳು ಹೂಂ ಅಂತ ಎಲ್ಲರಿಗೂ ಅನ್ನುತ್ತಾ ತೂತಿನ ಅಂಚಿಗೆ ಹೊಲಿಯುತ್ತಿದ್ದಳು. ಕಣ್ಣು ಸೂಜಿಯ ಮೇಲೆ, ಕಿವಿ ಮನೆಯ ಕಡೆ. ಗೌಡರ ಕಣ್ಣು ನಕಾಶೆಯ ಮೇಲುಭಾಗದ ಮೇಲೆ. ಕೆಳಗೆ ಏನಾಗುತ್ತಿದೆ ಅಂತ ಯಾರೂ ನೋಡಲಿಲ್ಲ.

ಮನೆಯಿಂದ ಮಗಳ ದನಿ ಬಂತು. ‘ಯವ್ವಾ! ಯವ್ವಾ, ತಡಿಯಾಕ ಆಗವಲ್ದು!’

ಕೌದಿಯವ್ವ ಎದ್ದಳು. ನಕಾಶೆಯೂ ಎದ್ದಿತು.

ಕೌದಿ ಹೊಲಿಯುವವರು ಯಾರನ್ನು ಬೇಕಾದರೂ ಕೇಳಿ, ಈ ತಪ್ಪು ಮಾಡದವರಿಲ್ಲ. ತೊಡೆಯ ಮೇಲೆ ಹಾಕಿಕೊಂಡು ಹೊಲಿಯುವಾಗ ಸೂಜಿ ಒಂದು ಪದರ ಹೆಚ್ಚಿಗೆ ಹಿಡಿಯುತ್ತದೆ, ಉಟ್ಟ ಸೀರೆಯೂ ಸೇರಿ ಹೊಲಿದುಹೋಗುತ್ತದೆ. ನಲವತ್ತು ವರ್ಷದಲ್ಲಿ ಒಮ್ಮೆಯೂ ಆಗದ್ದು ಅವಳಿಗೆ ಇವತ್ತು ಆಗಿತ್ತು. ಏಳೂರು, ಹೊಳೆ, ಗುಡ್ಡ, ಎಲ್ಲ ಅವಳ ಉಡಿಗೆ ಅಂಟಿಕೊಂಡು ಜೋತಾಡಿದವು. ಎದ್ದ ರಭಸಕ್ಕೆ ಆ ಎರಡು ಎಳೆ ನೂಲು ಹರಿದು, ಅವಳ ಮನೆಯ ಕೆಂಪು ಚುಕ್ಕಿ ಕೆಳಗೆ ಉದುರಿತು. ಚಾವಡಿಯಲ್ಲಿ ಮೇಯುತ್ತಿದ್ದ ಒಂದು ಕೋಳಿ ಅದನ್ನು ಕಾಳು ಅಂತ ಕುಕ್ಕಿ ನುಂಗಿತು.

‘ಅಯ್ಯಯ್ಯೋ, ಮನಿ ನುಂಗಿತು!’ ಅಂತ ನಕಾಶಿ ಅಜ್ಜ ಬಾಯಿ ಬಡಿದುಕೊಂಡ.

ಅವಳಿಗೆ ಅದು ಕೇಳಿಸಲಿಲ್ಲ. ಏಳೂರನ್ನು ಉಡಿಯಲ್ಲಿ ಹೊತ್ತು ಮನೆಗೆ ಓಡಿದಳು, ಸೂಲಗಿತ್ತಿ ಅವಳ ಹಿಂದೆ ಓಡಿದಳು. ‘ನಕಾಶಿ! ನಕಾಶಿ! ಹೊಳಿ ನೆಲಕ್ಕ ತಾಗಾಕತ್ತೈತಿ, ಎತ್ತಿ ಹಿಡಿಯವಾ!’ ಅಂತ ಕೂಗುತ್ತಾ ಏಳು ಗೌಡರು, ಅಜ್ಜ, ಅಂಬಿಗ, ಕುರುಬ ಎಲ್ಲ ಬೆನ್ನು ಹತ್ತಿದರು. ಹತ್ತಿ, ಬಾಗಿಲ ಹತ್ತಿರ ಬಂದವರು ಗಕ್ಕನೆ ನಿಂತರು.

ಎದುರಿಗೆ ಮನೆ ಇರಲಿಲ್ಲ.

ಇತ್ತು ಕಣ್ರೀ! ಮಣ್ಣಿನ ಗೋಡೆ, ಬಾಗಿಲಿಗೆ ಮಾವಿನ ತೋರಣ, ಜಗುಲಿಯ ಮೇಲೆ ಅರ್ಧ ಹೊಲಿದ ಕೌದಿ, ಎಲ್ಲ ಇತ್ತು. ಆದರೆ ಚುಕ್ಕಿ ಕೋಳಿಯ ಹೊಟ್ಟೆಯಲ್ಲಿತ್ತು. ಹಾಗಾಗಿ ಹತ್ತು ಮಂದಿ ಗಂಡಸರು ಬಾಗಿಲ ಮುಂದೆ ನಿಂತು ಬರೀ ಬಯಲು ನೋಡುತ್ತಿದ್ದರು. ‘ಎಲ್ಲಿ ಹೋದಳು?’ ಅಂದ ಒಬ್ಬ. ‘ಇಲ್ಲೇ ಇದ್ದಳಪ್ಪ,’ ಅಂದ ಇನ್ನೊಬ್ಬ. ಅವನ ಮೂಗು ಬಾಗಿಲ ಚೌಕಟ್ಟಿಗೆ ತಾಗುತ್ತಿತ್ತು.

ಒಳಗೆ ಏನಾಯಿತು ಅಂತ ಸೂಲಗಿತ್ತಿ ಆಮೇಲೆ ಹೇಳಿದ್ದು. ಮಗಳು ಗಡಿಗೆ ಪೇರಿಸಿದ ಅಡಕಲ ಗೋಡೆಗೆ ಒರಗಿ ಕೂತಿದ್ದಳು. ಕೌದಿಯವ್ವ ಎದುರಿಗೆ ಮಂಡಿಯೂರಿದಳು. ನಕಾಶೆ ಬಿಚ್ಚಲು ಹೊತ್ತೆಲ್ಲಿ? ಕೂಸು ಬಂದೇ ಬಂತು, ಜಾರಿ ಅಜ್ಜಿಯ ಉಡಿಯಲ್ಲಿ ಬಿತ್ತು, ಏಳೂರಿನ ಮೇಲೆ ಅಂಗಾತ. ಸೂಲಗಿತ್ತಿ ತೂತಿನಲ್ಲಿ ಕೈಗೆ ಸಿಕ್ಕ ಬಿಳಿ ತೇಪೆಯನ್ನು ಹರಿದು ಕಿತ್ತು ಕೂಸಿನ ಮುಖ ಒರೆಸಿದಳು. ಹೆಣ್ಣು ಕೂಸು. ಕೌದಿಯವ್ವ ಅದನ್ನು ಎದೆಗೆ ಒತ್ತಿಕೊಂಡು, ‘ಅಳವಾ, ನನ್ನವ್ವಾ, ಜೋರಾಗಿ ಅಳು. ಹೊರಗಿನ ಕಿವುಡರಿಗೆ ಕೇಳಿಸಲಿ,’ ಅಂದಳು.

ಕೂಸು ಅತ್ತಿತು.

ಹೊರಗೆ ಎಲ್ಲರೂ ಕಲ್ಲಾದರು. ಇಲ್ಲದ ಮನೆಯಿಂದ ಅಳು ಬರುವ ಹಾಗಿಲ್ಲ. ದಿಬ್ಬದೂರಿನ ಗೌಡ ಮುಗಿಲು ನೋಡಿದ. ಹೊಳೆಯಂಚಿನವನು ಕಿವಿಯಲ್ಲಿ ಕಿರುಬೆರಳು ಹಾಕಿ ತಿರುವಿದ. ಮೂಡಣೂರಿನವನು ಮೆಲ್ಲಗೆ, ‘ಇವತ್ತ ಗಾಳಿ...’ ಅಂತ ಶುರು ಮಾಡಿದ. ಎಲೆಯೊಂದೂ ಅಲುಗುತ್ತಿರಲಿಲ್ಲ. ಕೂಸು ಇನ್ನೂ ಜೋರಾಗಿ ಅತ್ತಿತು.

ಅಂಬಿಗನಿಗೆ ತಡೆಯಲಾಗಲಿಲ್ಲ. ‘ನನಗ ಕೇಳಾಕತ್ತೈತ್ರಿ!’ ಅಂತ ನೆಲಕ್ಕೆ ಕೂತು ತಾನೂ ಅತ್ತುಬಿಟ್ಟ. ‘ತಪ್ಪಾದರ ಹೊಡೀರಿ, ಆದರ ಕೇಳಾಕತ್ತೈತಿ!’

‘ನನಗೂ,’ ಅಂದ ಕುರುಬ.

‘ನನಗೂ ಚೂರು,’ ಅಂದ ಮೂಡಣೂರಿನ ಗೌಡ.

ಕೊಟ್ಟಿಗೆಯಿಂದ ಹಟಮಾರಿ ಮುದುಕ ಕೋಲೂರಿಕೊಂಡು ಬಂದ. ಒಬ್ಬೊಬ್ಬರ ಮುಖವನ್ನೂ ನೋಡಿದ. ‘ಹಂಗಾದರ ಅವತ್ತ ನಂದೂ ಕೇಳಿಸಿತ್ತೇನ್ರೋ ನಿಮಗ?’ ಅಂದ.

ಏಳು ಗೌಡರೂ ತಮ್ಮ ತಮ್ಮ ಕಾಲುಂಗುಟ ನೋಡುತ್ತಾ ನಿಂತರು. ನಕಾಶಿ ಅಜ್ಜ ಮುದುಕನ ಕೈ ಹಿಡಿದುಕೊಂಡ, ಬಹಳ ಹೊತ್ತು ಬಿಡಲಿಲ್ಲ. ಅಜ್ಜನಿಗೆ ಒಳಗೇ ಅಳುಕು. ಕಟ್ಟಳೆ ಹೋಯಿತು ಅಂದರೆ ಅವನೂ ಹೋದ ಹಾಗೆ. ಅಷ್ಟರಲ್ಲಿ ಕೌದಿಯವ್ವ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು, ಮುಂದೆ ನಕಾಶೆ ಒದ್ದೆಯಾಗಿ ಜೋತುಬಿದ್ದಿತ್ತು. ಅದನ್ನು ನೋಡಿದ್ದೇ ಅಜ್ಜನ ಮುಖ ಅರಳಿತು.

‘ಕೂಸು ಎಲ್ಲಿ ಬಿತ್ತವಾ?’

‘ಇದರ ಮ್ಯಾಲ.’

‘ನಕಾಶಿ ಮ್ಯಾಲ ಹುಟ್ಟೈತಿ!’ ಅಂತ ಅಜ್ಜ ಕಡ್ಡಿ ಎತ್ತಿ ಕೂಗಿದ. ‘ಕೇಳಿದಿರೇನ್ರಪಾ? ನಕಾಶಿ ಮ್ಯಾಲ ಐತಿ ಅಂದ ಮ್ಯಾಲ ಐತಿ! ಐತಿ ಅಂದ ಮ್ಯಾಲ ಕೇಳಸ್ತೈತಿ! ಎಲ್ಲಾರೂ ಕೇಳಬಹುದು!’

ಅಬ್ಬಾ ಅಂತ ಎಲ್ಲರೂ ಉಸಿರು ಬಿಟ್ಟರು. ಇನ್ನೇನು, ಅಪ್ಪಣೆ ಸಿಕ್ಕಿತಲ್ಲ, ಎಲ್ಲರಿಗೂ ಒಮ್ಮೆಲೇ ಜೋರಾಗಿ ಕೇಳಿಸತೊಡಗಿತು. ‘ಏನ ದನಿ!’ ‘ಗುಡ್ಡದ ಆಚೆ ಮುಟ್ಟತೈತಿ!’ ಅಂತ ಹೊಗಳಿದ್ದೇ ಹೊಗಳಿದ್ದು.

ಈಗ ನಕಾಶೆಯನ್ನು ಸೀರೆಯಿಂದ ಬಿಡಿಸಬೇಕಲ್ಲ. ನಕಾಶೆ ಕತ್ತರಿಸುವ ಹಾಗಿಲ್ಲ. ಹೊಲಿಗೆ ಬಿಚ್ಚೋಣ ಅಂದರೆ ಕೌದಿಯವ್ವನ ಹೊಲಿಗೆ, ಅದು ಬಿ‌ಚ್ಚುವ ಪೈಕಿ ಅಲ್ಲ. ಸೀರೆಯನ್ನೇ ತೂತಿನ ಸುತ್ತ ಕತ್ತರಿಸಿದರು. ನಕಾಶೆಯ ತೂತು ಮುಚ್ಚಿತು, ಕೌದಿಯವ್ವನ ಸೀರೆಗೆ ಬಂತು. ಬಿಳಿ ತೇಪೆಯನ್ನು ಸೂಲಗಿತ್ತಿ ಕಿತ್ತುಹಾಕಿದ್ದಳಲ್ಲ, ತೂತು ಇದ್ದಲ್ಲಿ ಈಗ ಆ ಸೀರೆಯೇ ಕಾಣುತ್ತಿತ್ತು. ಅದು ಚಿಕ್ಕಿ ಸೀರೆ. ಹಸಿರು ಮೈಗೆ ಕೆಂಪು ಕೆಂಪು ಚುಕ್ಕಿ.

ನಡುವೂರಿನ ಗೌಡರು ಬಾಗಿ ಎಣಿಸಿದರು. ಎರಡು ಸಲ ಎಣಿಸಿದರು. ‘ನಲವತ್ತೊಂದು ಮನಿ!’ ಅಂತ ಕುಣಿದರು. ‘ನಮ್ಮೂರು ಹಿಂದೆಂದೂ ಇಷ್ಟ ದೊಡ್ಡದಿರಲಿಲ್ಲ!’ ಕೂಡಲೇ ಬಯಲಿನಲ್ಲಿ ಮನೆಗಳು ಕಂಡವು, ಕೌದಿಯವ್ವನದು ಮೊದಲು, ಆಮೇಲೆ ಒಂದೊಂದೇ ಉಳಿದವು. ಹಟಮಾರಿ ಮುದುಕ ಯಾರಿಗೂ ಹೇಳದೆ ಹೋಗಿ ತನ್ನ ಜಗುಲಿ ಗುಡಿಸತೊಡಗಿದ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ನಕಾಶಿ ಅಜ್ಜ, ‘ಕೂಸು ಯಾವ ಊರಿಂದು ಅಂತ ಹಿಡಿಯೂಣು?’ ಅಂದುಬಿಟ್ಟ. ಒದ್ದೆ ನಕಾಶೆಯ ಮೇಲೆ ಕೂಸಿನ ಗುರುತು ಅಚ್ಚೊತ್ತಿದ ಹಾಗೆ ಕಾಣುತ್ತಿತ್ತು. ಬೆಳಗ್ಗೆ ನಮ್ಮ ಮೇಲೆ ಮಡಿಕೆ ಬೇಡ ಅಂದವರು ಈಗ ಒಬ್ಬರ ಮೇಲೊಬ್ಬರು ಬಿದ್ದರು.

‘ತಲಿ ನಮ್ಮೂರಾಗ ಬಿದ್ದೈತಿ,’ ಅಂದ ಮೂಡಣೂರಿನ ಗೌಡ. ‘ತಲಿ ಇದ್ದಲ್ಲೇ ಮನಶಾ. ಮ್ಯಾಲ ನಮ್ಮೂರ ಸೊಸಿಯ ಕೂಸು.’

‘ಕುಂಡಿ ನಮ್ಮೂರಾಗ ಐತಿ!’ ಅಂದ ದಿಬ್ಬದೂರಿನವನು. ‘ಎಲ್ಲಿ ಕುಂಡರತಾರೋ ಅದ ಅವರ ಊರು.’

‘ಬಲಗಾಲು ಹೊಳಿಯಾಗ ಐತ್ರಿ,’ ಅಂದ ಅಂಬಿಗ, ‘ನನಗ ಕೊಡ್ರಿ, ಈಜು ಕಲಸ್ತೀನಿ.’

‘ಹೊಕ್ಕಳ ನಡುವೂರಾಗ!’ ಅಂತ ನಡುವೂರಿನ ಗೌಡರು ಗಂಟಲು ಹರಿದುಕೊಂಡರು.

‘ನನ್ನ ಉಡಿಯಾಗ ಹುಟ್ಟೈತಿ,’ ಅಂದಳು ಕೌದಿಯವ್ವ. ‘ಕೆಳಗ ಯಾವ ಊರಿತ್ತೋ ನಾ ನೋಡಲಿಲ್ಲ.’ ಅವಳ ಮಾತು ಯಾರ ಕಿವಿಗೂ ಬೀಳಲಿಲ್ಲ. ಕೋಲುಗಳು ಮೇಲೆದ್ದಿದ್ದವು. ಇನ್ನೊಂದು ಗಳಿಗೆಯಾಗಿದ್ದರೆ ನಾಲ್ಕು ತಲೆ ಒಡೆಯುತ್ತಿದ್ದವು.

ಆಗ ಒಳಗಿನಿಂದ, ಹೆತ್ತವಳು, ದಣಿದ ದನಿಯಲ್ಲಿ ಹೇಳಿದಳು. ‘ಗೌಡ್ರ, ಕೂಸಿಗೆ ಹಸಿವಾಗೈತಿ. ಮೊದಲ ಹಾಲ ಕುಡೀಲಿ. ಊರು ಆಮ್ಯಾಲ ನೋಡೂಣು.’

ಇದಕ್ಕೆ ಇಲ್ಲ ಅನ್ನುವುದು ಹೇಗೆ? ಕೋಲು ಕೆಳಗಿಟ್ಟರು. ಹಾಲು ಕುಡಿಯಲು ಎಷ್ಟು ಹೊತ್ತು ಬೇಕು, ಕಾಯೋಣ ಅಂತ ಏಳು ಮಂದಿಯೂ ಜಗುಲಿಯ ಮೇಲೆ ಸಾಲಾಗಿ ಕೂತರು. ಕೂಸು ಹಾಲು ಕುಡಿಯಿತು, ನಿದ್ದೆ ಹೋಯಿತು. ಎದ್ದು ಮತ್ತೆ ಕುಡಿಯಿತು. ಕೂಸುಗಳು ಹಾಗೇ ತಾನೆ? ಸಂಜೆಯ ಹೊತ್ತಿಗೆ ದಿಬ್ಬದೂರಿನ ಗೌಡ, ತನ್ನ ಹಕ್ಕು ಹೋಗಬಾರದು ಅಂತ, ಬಾಣಂತಿಗೆ ತುಪ್ಪ ತರಿಸಿದ. ಅದನ್ನು ನೋಡಿ ಮೂಡಣೂರಿನವನು ಅಂಟಿನುಂಡೆ ತರಿಸಿದ, ಹೊಳೆಯಂಚಿನವನು ಒಂದು ಕರೆಯುವ ಆಕಳನ್ನೇ ಹೊಡೆದುಕೊಂಡು ಬಂದ.

ಆ ಹುಡುಗಿ ಈಗ ತನ್ನ ಅಜ್ಜಿಯ ಎತ್ತರ ಬೆಳೆದಿದ್ದಾಳೆ. ಒಂದು ಊರಲ್ಲಿ ಉಣ್ಣುತ್ತಾಳೆ, ಇನ್ನೊಂದರಲ್ಲಿ ಮಲಗುತ್ತಾಳೆ, ಮೂರನೆಯದರಲ್ಲಿ ಜಗಳ ಆಡಿ ಬರುತ್ತಾಳೆ. ಕಂಡವರೆಲ್ಲ ‘ನಮ್ಮೂರ ಹುಡುಗಿ’ ಅನ್ನುತ್ತಾರೆ. ಗೌಡರು ಮುದುಕರಾಗಿದ್ದಾರೆ, ಆದರೂ ಬಿಡುವುದಿಲ್ಲ. ದಿನಾ ಬೆಳಗ್ಗೆ ಒಬ್ಬರಲ್ಲ ಒಬ್ಬರು ಬಾಗಿಲಿಗೆ ಬಂದು ಕೆಮ್ಮಿ, ‘ಹಾಲ ಕುಡಿಸೂದು ಆತೇನವಾ?’ ಅಂತ ಕೇಳುತ್ತಾರೆ.

ಒಳಗೆ ತಾಯಿ ರೊಟ್ಟಿ ಬಡಿಯುತ್ತಾ, ತಲೆ ಎತ್ತದೆ ಹೇಳುತ್ತಾಳೆ. ‘ಇಲ್ಲ್ರಿ ಗೌಡ್ರ. ಇನ್ನೂ ಕುಡಿಯಾಕತ್ತಾಳ.’